ಸಾಲಿನಲ್ಲಿ ಅಮ್ಮ

ಚೂಟಿಯ ಮನೆಯವರಿಗೆ ಹೇಳಿಕೊಳ್ಳುವಂಥ ಆಸ್ತಿಪಾಸ್ತಿ ಇರಲಿಲ್ಲ. ಒಂದು ವಿದ್ಯೆ ಮಾತ್ರ ರಕ್ತದಲ್ಲೇ ಬಂದಿತ್ತು, ಸಾಲಿನಲ್ಲಿ ನಿಲ್ಲುವುದು. ಆಸ್ಪತ್ರೆಯಿರಲಿ, ರೈಲಿನ ಟಿಕೆಟ್ ಕಿಟಕಿಯಿರಲಿ, ಒಬ್ಬರ ಕೆಲಸಕ್ಕೆ ಮನೆಮಂದಿಯೆಲ್ಲ ಸರದಿಯ ಮೇಲೆ ನಿಲ್ಲುತ್ತಿದ್ದರು. ಮೊದಲು ಬಸ್ಸು ಓಡಿಸುವ ಅಪ್ಪ. ಅವನಿಗೆ ಡ್ಯೂಟಿಯ ಹೊತ್ತಾದರೆ ಮೊಬೈಲ್ ರಿಪೇರಿ ಅಂಗಡಿಯ ಅಣ್ಣ. ಅವನ ಕಾಲು ಸೋತರೆ ಗಾಜು ಕತ್ತರಿಸುವ ಚಿಕ್ಕಪ್ಪ. ಯಾರಿಗೆ ಕೆಲಸವಾಗಬೇಕೋ ಅವರು ಕೊನೆಯ ಗಳಿಗೆಯಲ್ಲಿ ತಲೆ ಬಾಚಿಕೊಂಡು ಬಂದು ನಿಂತರೆ ಸಾಕು.

ಇಂಥ ಮನೆಯ ಹುಡುಗಿ ಕಾಲೇಜು ಸೇರಿ, ಮೊದಲ ವರ್ಷದ ಸೆಮಿನಾರ್ ಆರಿಸಿಕೊಳ್ಳಬೇಕಾಗಿ ಬಂದರೆ ಮನೆಯವರು ಸುಮ್ಮನಿರುತ್ತಾರೆಯೇ? ಸೆಮಿನಾರ್ ಎಂದರೆ ದೊಡ್ಡ ಹಾಲಿನಲ್ಲಿ ಕೂತು ನೋಟ್ಸ್ ಗೀಚುವ ಪಾಠವಲ್ಲ, ಹದಿನೈದು ಮಂದಿ ಒಂದೇ ಮೇಜಿನ ಸುತ್ತ ಕೂತು ಒಂದು ವಿಷಯ ಹಿಡಿದು ವರ್ಷವಿಡೀ ಮಾತಾಡುವುದು ಎಂದು ಚೂಟಿ ವಿವರಿಸಿದಳು. ಅದಕ್ಕೆ ಕಾಲೇಜು ಯಾಕೆ, ನಮ್ಮನೆ ಸಾಲದೇ ಎಂದ ಚಿಕ್ಕಪ್ಪ. ವಿಷಯಗಳೂ ಒಂದೇ ಎರಡೇ? ಉಪ್ಪು, ಭೂಪಟ, ನಗು, ಸೇತುವೆ. ಚಿಕ್ಕಪ್ಪನ ಓಟು ನಗುವಿಗೆ; ಪಾಸಾಗದಿದ್ದರೂ ನಷ್ಟವಿಲ್ಲವಂತೆ. ಅಪ್ಪನಿಗೆ ಭೂಪಟವೇ ಆಗಬೇಕು. ಚೂಟಿ ಮಾತ್ರ ಮೊದಲ ದಿನವೇ ಮನಸ್ಸು ಮಾಡಿದ್ದು ‘ಕಿವಿ ಮತ್ತು ಕೇಳುವಿಕೆ’ ಎಂಬ ಸೆಮಿನಾರಿಗೆ. ಯಾಕೆ ಎಂದು ಎಲ್ಲರೂ ಕೇಳಿದರು. ಅವಳು ಹೇಳಲಿಲ್ಲ.

ಯಾಕೆಂದರೆ ಅಮ್ಮ. ಮದುವೆಗೆ ಮುಂಚಿನಿಂದಲೂ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದ ಅಮ್ಮನ ಕಿವಿಯನ್ನು ಯಂತ್ರಗಳ ಸದ್ದು ಚೂರುಚೂರಾಗಿ ತಿಂದುಹಾಕಿತ್ತು. ಮನೆಯಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ಈ ಮನೆಯಲ್ಲಿ ನಿತ್ಯ ಜಗಳ ಎಂದು ಪಕ್ಕದ ಮನೆಗೆ ಬರುವ ಹೊಸ ಬಾಡಿಗೆದಾರರು ಹೆದರುತ್ತಿದ್ದರು. ಊಟದ ಹೊತ್ತಿಗೆ ಯಾರಾದರೂ ತಮಾಷೆ ಮಾಡಿದರೆ ಅಮ್ಮ ಎಲ್ಲರ ಮುಖಗಳನ್ನೂ ಒಮ್ಮೆ ನೋಡಿ, ಆಮೇಲೆ ನಗುತ್ತಿದ್ದಳು. ಆ ತಡವಾದ ನಗುವನ್ನು ಗಮನಿಸಿದ್ದವಳು ಚೂಟಿ ಒಬ್ಬಳೇ. ಕಿವಿಯ ಬಗ್ಗೆ ವರ್ಷವಿಡೀ ಮಾತಾಡುವ ಜಾಗವಿದ್ದರೆ ಅಲ್ಲಿ ತಾನಿರಬೇಕು, ಅಷ್ಟೇ.

ನೋಂದಣಿ ಸೋಮವಾರ ಬೆಳಗ್ಗೆ, ಕಾಲೇಜಿನ ವೆಬ್‌ಸೈಟಿನಲ್ಲಿ, ಮೊದಲು ಬಂದವರಿಗೆ ಮೊದಲು. ಇದೂ ಒಂದು ಸಾಲೇ ತಾನೇ ಎಂದು ಮನೆಯವರು ತೀರ್ಮಾನಿಸಿದರು. ಚೂಟಿಯ ಪಾಸ್‌ವರ್ಡ್ ಮೂವರಿಗೂ ಹಂಚಿಕೆಯಾಯಿತು. ಯಾರಿಗೆ ಬಾಗಿಲು ಮೊದಲು ತೆರೆಯುತ್ತದೋ ಅವರು ನುಗ್ಗಿ ಸೀಟು ಹಿಡಿಯತಕ್ಕದ್ದು. ಅಪ್ಪ ಡಿಪೋದಲ್ಲಿ, ಅಣ್ಣ ಅಂಗಡಿಯಲ್ಲಿ, ಚಿಕ್ಕಪ್ಪ ಗಾಜಿನ ಹಲಗೆಗಳ ನಡುವೆ, ಚೂಟಿ ಅಡುಗೆಮನೆಯ ಕಟ್ಟೆಯ ಮೇಲೆ, ನಾಲ್ವರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ಬಾಗಿಲೇನೋ ತೆರೆಯಿತು. ಆದರೆ ಒಬ್ಬಳೇ ಹುಡುಗಿ ನಾಲ್ಕು ಕಡೆಯಿಂದ ಒಳನುಗ್ಗುವುದನ್ನು ಕಂಡ ಕಂಪ್ಯೂಟರು, ಇದು ಯಾರೋ ಕಳ್ಳರ ಕೆಲಸವೆಂದು ಬಗೆದು, ಚೂಟಿಯ ಖಾತೆಗೆ ಸಂಜೆಯವರೆಗೆ ಬೀಗ ಜಡಿಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಮೂವರೂ ಒಬ್ಬರ ಹಿಂದೊಬ್ಬರು ಫೋನು ಮಾಡಿ, ಸಿಕ್ಕಿತಾ ಎಂದು ಕೇಳಿದರು. ಚೂಟಿಗೆ ಅಳುವೇ ಬಂತು. ಖುದ್ದಾಗಿ ಹೋಗಿ ಕೈಕಾಲು ಹಿಡಿಯೋಣವೆಂದು ಕಾಲೇಜಿನ ಗುರುತಿನ ಕಾರ್ಡು ಹುಡುಕಿದರೆ ಅದೂ ಇಲ್ಲ. ಹಾಳಾಗಲಿ ಎಂದು ಬರಿಗೈಯಲ್ಲೇ ಓಡಿದಳು.

ಕಾಲೇಜಿನ ಕಚೇರಿಯ ಮುಂದಿನ ಹಾಲಿನಲ್ಲಿ ಗೋಡೆಯುದ್ದಕ್ಕೂ ಜನ. ಆ ಗದ್ದಲದ ನಡುವಿನಿಂದ ಗಿರಣಿಯ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬಳು ಕೈಯಲ್ಲಿ ರಸೀದಿ ಹಿಡಿದುಕೊಂಡು ಬರುತ್ತಿದ್ದಳು. ಅಮ್ಮ. ಕುತ್ತಿಗೆಯಲ್ಲಿ ಚೂಟಿಯ ಕಾರ್ಡು.

ಇಂಟರ್‌ನೆಟ್ ಇಲ್ಲದವರಿಗಾಗಿ ಪ್ರತಿ ಸೆಮಿನಾರಿನಲ್ಲೂ ಒಂದು ಸೀಟನ್ನು ಕಚೇರಿಯ ಕಿಟಕಿಯಲ್ಲೇ ಕೊಡುತ್ತಾರೆಂದು ಗೇಟಿನ ಹತ್ತಿರ ನೋಟಿಸು ಹಚ್ಚಿದ್ದರಂತೆ. ಗಿರಣಿಯಿಂದ ಬರುವಾಗ ಅಮ್ಮ ಓದಿದ್ದಳು. ತಲೆಯೂ ಬಾಲವೂ ಕಾಣದ ಸಾಲನ್ನು ಅವಳು ಮೊದಲಿನಿಂದಲೂ ನಂಬಿದವಳಲ್ಲ. ಅರ್ಧ ದಿನದ ರಜೆ ಹಾಕಿ, ಕಾರ್ಡು ಎತ್ತಿಕೊಂಡು, ಗೇಟು ತೆರೆಯುವ ಮುಂಚೆಯೇ ಬಂದು ನಿಂತಿದ್ದಳು.

“ಸಿಕ್ತು” ಎಂದಳು ಅಮ್ಮ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಚೂಟಿಗೆ.

ದಾರಿಯಲ್ಲಿ ಅಮ್ಮ ಇನ್ನೊಂದು ಮಾತು ಹೇಳಿದಳು. “ಗುಮಾಸ್ತ ತಲೆ ತಗ್ಗಿಸ್ಕೊಂಡೇ ಕೂಗ್ತಾನೆ, ಮುಖಾನೇ ಕಾಣಲ್ಲ. ನನ್ನ ಸರದಿ ಬಂದಿದ್ದು ಗೊತ್ತೇ ಆಗ್ಲಿಲ್ಲ. ಹಿಂದೆ ಒಂದು ಹುಡುಗಿ ನಿಂತಿತ್ತು, ಕೆಂಪು ಕನ್ನಡಕದ್ದು. ಅದು ಭುಜ ಮುಟ್ಟಿ ಹೇಳ್ತು.”

ಆ ಹುಡುಗಿ ಯಾವ ಸೆಮಿನಾರಿಗೆ ಬಂದಿದ್ದಳು ಎಂದು ಚೂಟಿ ರಸ್ತೆಯಲ್ಲೇ ಕಿರುಚಿ ಕೇಳಿದಳು. ಇದಕ್ಕೇ ಎಂದಳು ಅಮ್ಮ. ಚೂಟಿಯ ಕಾಲು ಅಲ್ಲೇ ನಿಂತುಬಿಟ್ಟಿತು. ಇದ್ದದ್ದು ಒಂದೇ ಸೀಟು. ಎರಡು ಸಲ ಕರೆದರೂ ಬಾರದಿದ್ದರೆ ಮುಂದಿನವರ ಸರದಿ. ಆ ಹುಡುಗಿ ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತಿದ್ದರೆ ಸೀಟು ಅವಳದ್ದಾಗುತ್ತಿತ್ತು, ಪಾಪವೂ ತಟ್ಟುತ್ತಿರಲಿಲ್ಲ.

ಸಂಜೆ ಮೂವರು ಗಂಡಸರೂ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದರು. ಚೂಟಿಗೆ ಬೈಯಲು ಮನಸ್ಸು ಬರಲಿಲ್ಲ. ತನ್ನದೊಂದು ಸೀಟಿಗಾಗಿ ಬಸ್ಸು ಬಿಟ್ಟು, ಗಿರಾಕಿ ಬಿಟ್ಟು, ಗಾಜು ಬಿಟ್ಟು ಕೂತವರು ಇವರು. ಇಂಥ ದಡ್ಡರು ಎಷ್ಟು ಜನರ ಮನೆಯಲ್ಲಿದ್ದಾರೆ ಎಂದುಕೊಂಡಳು. ಕಂಪ್ಯೂಟರಿಗೆ ನಮ್ಮನೆ ಪದ್ಧತಿ ಗೊತ್ತಿಲ್ಲ ಬಿಡಿ ಎಂದಾಗ ಚಿಕ್ಕಪ್ಪನ ಹಲ್ಲು ಹೊರಗೆ ಬಂತು.

ಕೆಂಪು ಕನ್ನಡಕದವಳು ಮುಂದಿನ ವಾರ ಕ್ಯಾಂಟೀನಿನಲ್ಲಿ ಸಿಕ್ಕಿದಳು. ಕೊನೆಗೆ ಅವಳ ಪಾಲಿಗೆ ಬಂದಿದ್ದು ಉಪ್ಪು. ಚೂಟಿ ತಾನು ಯಾರೆಂದು ಹೇಳಿ, ನಿನ್ನ ಋಣ ನನ್ನ ಮೇಲಿದೆ ಎಂದಳು.

“ಋಣ ಎಲ್ಲಿಂದ ಬಂತು?” ಎಂದಳು ಅವಳು. “ಅವತ್ತು ನನಗೆ ಜ್ವರ, ಗಂಟಲು ಪೂರ್ತಿ ಕಟ್ಟಿತ್ತು. ಬಿಸಿನೀರು ಕುಡ್ಕೊಂಡು ಬಾ ಅಂತ ನಿಮ್ಮಮ್ಮಾನೇ ಕಳ್ಸಿದ್ರು. ವಾಪಸ್ ಬರೋಷ್ಟರಲ್ಲಿ ಹಾಲ್ ತುಂಬಿಹೋಗಿತ್ತು. ಅವರು ನನ್ನ ಜಾಗದಲ್ಲಿ ನನ್ನ ಚೀಲ ಇಟ್ಟು ಯಾರನ್ನೂ ಬಿಟ್ಟಿರ್ಲಿಲ್ಲ. ಅಂಥವರನ್ನ ದಾಟಿ ಹೋಗೋದು ಹೇಗೆ?”

ಅಮ್ಮ ಇದನ್ನು ಹೇಳಿಯೇ ಇರಲಿಲ್ಲ. ಅವಳಿಗೆ ಅದು ಹೇಳುವಂಥ ಸಂಗತಿಯಾಗಿ ಕಂಡಿರಲಿಕ್ಕಿಲ್ಲ.

“ಆದ್ರೆ ಅವರಿಗೆ ಕಿವಿ ಕೇಳಲ್ಲ ಅಂತ ಗುಮಾಸ್ತ ಕರೆಯೋವರೆಗೂ ನನಗೆ ಗೊತ್ತೇ ಇರ್ಲಿಲ್ಲ” ಎಂದಳು ಅವಳು. “ಬೆಳಗ್ಗೆಯಿಂದ ಇಬ್ರೂ ಹರಟೆ ಹೊಡೀತಿದ್ವಿ.”

“ಗಂಟಲು ಕಟ್ಟಿತ್ತು ಅಂದೆಯಲ್ಲ?”

“ಸ್ವರಾನೇ ಇರ್ಲಿಲ್ಲ. ಬರೀ ತುಟಿ ಆಡಿಸ್ತಿದ್ದೆ. ಅವರಿಗೆ ಎಲ್ಲಾ ಅರ್ಥ ಆಗ್ತಿತ್ತು. ಗಿರಣೀಲಿ ಹೆಂಗಸರೆಲ್ಲ ಹಾಗೇ ಮಾತಾಡೋದಂತಲ್ಲ, ನಿನಗೆ ಗೊತ್ತಿಲ್ವಾ?”

ಚೂಟಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆನ್ನ ಹಿಂದಿನಿಂದ, ಪಕ್ಕದ ಕೋಣೆಯಿಂದ, ಬಚ್ಚಲಿನಿಂದ ಎಲ್ಲರೂ ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದರು. ಎದುರಿಗೆ ಬಂದು ಕೂತವರು ಒಬ್ಬರೂ ಇಲ್ಲ. ಅವಳಿಗೆ ನಾಚಿಕೆಯಾಯಿತು. ಆಮೇಲೆ, ನಾಚಿಕೆಗಿಂತ ಹೆಚ್ಚಾಗಿ, ಸಂತೋಷವಾಯಿತು. ಕಿವಿ ಸೆಮಿನಾರಿನಲ್ಲಿ ಏನೇನು ಮಾತಾಡಿದರೆಂದು ಪ್ರತಿ ವಾರ ಒಂದು ಅಕ್ಷರ ಬಿಡದೆ ಬಂದು ಹೇಳುತ್ತೇನೆ ಎಂದು ಕೆಂಪು ಕನ್ನಡಕಕ್ಕೆ ಮಾತು ಕೊಟ್ಟಳು. ಹಾಗಾದರೆ ಉಪ್ಪಿನದನ್ನು ನಾನು ಹೇಳ್ತೀನಿ ಎಂದಳು ಅವಳು.

ಅಂದು ಸಂಜೆ ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಚೂಟಿ ದೀಪದ ಬೆಳಕು ತನ್ನ ಮುಖಕ್ಕೆ ಬೀಳುವ ಹಾಗೆ ಎದುರಿಗೆ ಕೂತು, ಒಂದಿಷ್ಟೂ ಸದ್ದು ಮಾಡದೆ ತುಟಿ ಆಡಿಸಿದಳು. ನೀನು ನಿಂತಿದ್ದಕ್ಕೆ ನನಗೆ ಸಿಕ್ತು, ಅಮ್ಮಾ.

ಅಮ್ಮನ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು. “ಗಿರಣಿ ಮಾತು ನಿನಗೆ ಯಾರು ಕಲಿಸಿದ್ದು?”

ಚೂಟಿ ಕೆಂಪು ಕನ್ನಡಕದ ಕತೆ ಹೇಳಿದಳು. ಆ ಸೋಮವಾರದ ಕತೆಯನ್ನು ಅಮ್ಮನಿಗೆ ಯಾರೂ ನೆಟ್ಟಗೆ ಹೇಳಿರಲಿಲ್ಲ. ಅದನ್ನೂ ಹೇಳಿದಳು. ಡಿಪೋದಲ್ಲಿ ಫೋನನ್ನು ಸ್ಟೇರಿಂಗಿನ ಹಾಗೆ ಎರಡು ಕೈಯಲ್ಲಿ ಹಿಡಿದ ಅಪ್ಪ, ಒಬ್ಬಳೇ ಹುಡುಗಿಗೆ ನಾಲ್ಕು ತಲೆ ಕಂಡು ಬೆದರಿದ ಕಂಪ್ಯೂಟರು, ಎಲ್ಲ ಬರೀ ತುಟಿಯಲ್ಲಿ. ಅಮ್ಮ ನಕ್ಕಳು. ಬೇರೆ ಯಾರ ಮುಖವನ್ನೂ ನೋಡಲಿಲ್ಲ, ಚೂಟಿಯ ಮಾತು ಮುಗಿಯುವವರೆಗೂ ಕಾಯಲಿಲ್ಲ, ಬಿದ್ದು ಬಿದ್ದು ನಕ್ಕಳು.

ಮಾತಿನ ಸದ್ದಿಲ್ಲದೆ ಬರೀ ನಗು ಕೇಳಿ ಅಪ್ಪ ಒಳಗಿನಿಂದ ಏನಾಯಿತು ಎಂದು ಕೂಗಿದ. ಉತ್ತರ ಬಾರದಿದ್ದಾಗ ಎದ್ದು ಬಂದ. ಬಾಗಿಲಲ್ಲಿ ನಿಂತು ಇಬ್ಬರ ಮುಖಗಳನ್ನೂ ಒಮ್ಮೆ ನೋಡಿ, ಆಮೇಲೆ ತಾನೂ ನಕ್ಕ.