ಹರಿವಾಣದ ಆ ಬದಿ

ಕಬೀರನ ಮುಂದೆ ಅನ್ನ ಇರಲಿಲ್ಲ. ಮೇಜಿನ ಮೇಲೆ ಬೇಯಿಸಿದ ಮೊಟ್ಟೆ, ಹುರಿದ ಬಂಗುಡೆ, ಸೌತೆಕಾಯಿ ಹೋಳು — ತುಪ್ಪದನ್ನದ ವಾಸನೆ ಮಾತ್ರ ಮೂಗಿಗೆ, ಹುರಿದ ನೀರುಳ್ಳಿ, ಏಲಕ್ಕಿ, ಕುದ್ರೋಳಿಯ ಈ ಮನೆಯಲ್ಲಿ ಶುಕ್ರವಾರ ಅಂದರೆ ಇದೇ, ಜುಮಾ ನಮಾಝ್ ಮುಗಿಸಿ ಬಂದು ಟೋಪಿ ತೆಗೆಯುವ ಮೊದಲೇ ಹಸಿವು, ಚಿಕ್ಕವನಿದ್ದಾಗ ಮೇಜು ಎಲ್ಲಿತ್ತು, ಚಾಪೆ, ಚಾಪೆಯ ನಡುವೆ ದೊಡ್ಡ ಹರಿವಾಣ, ಸುತ್ತ ಬಾಪ, ಉಮ್ಮ, ಅಕ್ಕ ನಾಝಿಮಾ, ಅವನು, ಒಂದೇ ಅನ್ನದ ಗುಡ್ಡಕ್ಕೆ ನಾಲ್ಕು ಕೈ, ನಾಝಿಮಾ ಗೇರುಬೀಜ ಕದಿಯಲು ಗುಡ್ಡದ ಅಡಿಯಲ್ಲೇ ಸುರಂಗ ತೋಡುತ್ತಿದ್ದಳು, ಬಾಪ ನೋಡಿಯೂ ನೋಡದ ಹಾಗೆ, ಮತ್ತೆ ಉಮ್ಮನ ಕೈ — ಒಂದು ಹಿಡಿ ಅವನ ಬದಿಗೆ ತಳ್ಳುವುದು, ಆಮೇಲೆ ಒಂದು ತುತ್ತು ತನಗೆ, ಮತ್ತೆ ಒಂದು ಹಿಡಿ ಅವನಿಗೆ. ಎದುರಿನವರು ತಿನ್ನುತ್ತಿರುವಾಗ ಕೈ ಎತ್ತಬಾರದು ಮೋನೆ, ಅವರ ಹೊಟ್ಟೆ ಅರ್ಧದಲ್ಲಿ ನಿಲ್ತದೆ, ಉಮ್ಮ ಮಗನಿಗೆ ಹೇಳುತ್ತಿದ್ದದ್ದು. ಹೊಟ್ಟೆ ತುಂಬಿದ ಮೇಲೂ ಬೆರಳಲ್ಲಿ ಅಗುಳು ಎಣಿಸುತ್ತಾ ಕೂತಿರುತ್ತಿದ್ದ. ಮೊಟ್ಟೆಗೆ ಉಪ್ಪು ಸಾಲದು. ಅನ್ನ ಅಂದ್ರೆ ಸಕ್ಕರೆಯೇ ಮಾರಾಯ, ಬಾಕಿ ಎಲ್ಲ ತಿನ್ನು, ಅನ್ನ ಒಂದು ಬಿಡು, ಬಿಜೈ ಜಿಮ್ಮಿನ ಟ್ರೇನರ್ ರಿತೇಶ್ ಹೇಳಿದ್ದು ಸುಳ್ಳಲ್ಲ, ಪ್ಯಾಂಟು ಸಡಿಲವಾಗಿದೆ, ಮದುವೆಯ ಶರ್ಟಿನ ಗುಂಡಿ ಕೂರುತ್ತದೆ, ರಕ್ತದ ರಿಪೋರ್ಟ್ ನೋಡಿ ಡಾಕ್ಟರು ನಕ್ಕರು, ಬಾಪ ಈ ರಿಪೋರ್ಟ್ ಮಾಡಿಸದೆ ಅಂಗಡಿಯ ಶಟರ್ ಅರ್ಧ ಎಳೆದು ಅಲ್ಲೇ ಕುಸಿದವರು, ಹಾಗಾಗಿ ತಪ್ಪು ಮಾಡಿಲ್ಲ, ಇಲ್ಲ, ತಪ್ಪು ಎಂತದ್ದೂ ಇಲ್ಲ. ಹರಿವಾಣ ಕಣ್ಣೆದುರು ಇದ್ದರೆ ಕೈ ಹೋಗುತ್ತದೆ ಅಂತ ಮೇಜಿಗೆ ಬಂದದ್ದು. ಮೊದಲ ದಿನ ಉಮ್ಮ ಕೇಳಿದ್ದರು, ಇದು ಊಟವಾ, ಮೊಟ್ಟೆ ಚಾಯದ ಒಟ್ಟಿಗೆ ತಿನ್ನುವುದಲ್ವಾ, ಅವನು ನಕ್ಕಿದ್ದ, ಹೆಂಡತಿ ರುಮೈಸಾಳೂ ನಕ್ಕಿದ್ದಳು. ಕೆಳಗೆ ಚಾಪೆಯ ಮೇಲೆ ಈಗಲೂ ಅವರಿಬ್ಬರು, ಹೆಂಡತಿ ಮತ್ತು ಉಮ್ಮ, ಹರಿವಾಣದ ಮೂರನೇ ಬದಿ ಖಾಲಿ, ಉಮ್ಮ ಒಂದು ಹಿಡಿ ಆ ಬದಿಗೆ ತಳ್ಳುತ್ತಾರೆ, ನಿಲ್ಲುತ್ತಾರೆ, ಅದನ್ನು ಯಾರೂ ಎತ್ತುವುದಿಲ್ಲ, ಸೊಸೆಯ ಕಡೆಗೆ ತಳ್ಳಿ ಅಭ್ಯಾಸವಿಲ್ಲ, ಅದು ಮಗನ ಬದಿ, ಒಂದು ತುತ್ತು, ಇನ್ನೊಂದು, ಕೈ ಎತ್ತುತ್ತಾರೆ. ಆಯ್ತು, ಸಾಕು. ಊಟವೇ ಸೇರುವುದಿಲ್ಲ ಇವರಿಗೆ ಅಂತ ರುಮೈಸಾ ಎಷ್ಟು ಸಲ ಹೇಳಿದಳು, ವಯಸ್ಸಾಯ್ತಲ್ಲ ಅಂದಿದ್ದ ಅವನು, ಫೋನಿನಲ್ಲಿ ತನ್ನ ತೂಕದ ಗೆರೆ ಇಳಿಯುವುದನ್ನು ನೋಡುತ್ತಾ. ಈಗ ಉಮ್ಮ ಮತ್ತೆ ತಳ್ಳುತ್ತಿದ್ದಾರೆ, ತಳ್ಳುವಾಗ ಚಿನ್ನದ ಬಳೆ ಮಣಿಕಟ್ಟು ದಾಟಿತು, ಗೆಣ್ಣು ದಾಟಿತು, ಅನ್ನದ ಮೇಲೆ ಬಿತ್ತು — ಸೋಪು ಹಚ್ಚಿ ನಾಝಿಮಾ ಎಳೆದರೂ ಬಾರದಿದ್ದ ಬಳೆ, ಉಮ್ಮ ಅದನ್ನು ಒರೆಸಿ ಮಡಿಲಲ್ಲಿಟ್ಟು ಏನೂ ಆಗದವರ ಹಾಗೆ ಕೂತರು. ಅವನು ಎದ್ದು ಮಂಚದಡಿಯಿಂದ ತನ್ನ ತೂಕದ ಯಂತ್ರ ತಂದ. ಒಮ್ಮೆ ನಿಲ್ಲಿ ಉಮ್ಮ. ನನಗೆಂತಕ್ಕೆ, ನಾನೆಂತ ಜಿಮ್ಮಿಗೆ ಹೋಗ್ತೇನಾ. ನಿಂತರು, ಅವನ ಭುಜ ಹಿಡಿದು, ಹಿಡಿತದಲ್ಲಿ ಭಾರವೇ ಇಲ್ಲ. ನಲವತ್ತಮೂರು. ರಮಝಾನಿಗೆ ಮುಂಚೆ ಕ್ಲಿನಿಕ್ಕಿನಲ್ಲಿ ನರ್ಸ್ ಉಮ್ಮನ ತೂಕ ಐವತ್ತೆರಡು ಅಂತ ಕೂಗಿ ಹೇಳಿದ್ದಳು, ಅವನು ಅನ್ನ ಬಿಟ್ಟದ್ದು ಹಬ್ಬದ ಮಾರನೇ ದಿನ. ಚಾಪೆಯ ಮೇಲೆ ಕೂತ. ಕೈ ತೊಳೆದುಕೊಂಡಿದ್ದನೋ ಇಲ್ಲವೋ. ಉಮ್ಮ ಮುಖ ನೋಡಲಿಲ್ಲ, ಬಳೆಯಿಲ್ಲದ ಕೈ ಒಂದು ಹಿಡಿ ಅವನ ಬದಿಗೆ ತಳ್ಳಿತು, ನಿಂತಿತು, ಕಾಯುತ್ತಿದೆ, ಆ ಕೈ, ಗೆಣ್ಣು, ಗೆಣ್ಣಿನ ನಡುವೆ ಅಂಟಿದ ಒಂದು ಅಗುಳು, ಆ ಕೈ. ಇಳಿದದ್ದು ಅವನದು ಹದಿಮೂರು ಕಿಲೋ. ಉಮ್ಮನದು ಒಂಬತ್ತು.