ಹೂಜಿ ಗಿಡಕ್ಕೆ ಉಪ್ಪುನೀರು

ನಾದಿನಿ ಸ್ಟೂಲು ಹತ್ತಿ ಕಿಟಕಿಯ ಕೊಕ್ಕೆಯಿಂದ ಹೂಜಿ ಗಿಡವನ್ನು ಬಿಡಿಸುತ್ತಿದ್ದಳು. ಕಾಜಾ ಅಕ್ಕ ಅಡುಗೆಮನೆಯಿಂದ ದಡದಡ ಬಂದು ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದಳು. ಬೀಳಿಸುವುದಕ್ಕೋ, ಬೀಳದಿರಲಿ ಎಂದೋ, ಅವಳಿಗೇ ಗೊತ್ತಿರಲಿಲ್ಲ.

"ಇಳಿ ಕೆಳಗೆ."

"ಅಣ್ಣ ಮಗು ಥರ ಸಾಕಿದ್ದ, ಅತ್ತಿಗೆ. ನಾನು ತಗೊಂಡು ಹೋಗ್ತೀನಿ. ನಿಮ್ಮ ಕೈಗೆ ಬಿಟ್ರೆ ಇದು ನಾಳೇನೇ ಕಸದ ಬುಟ್ಟಿ ಸೇರುತ್ತೆ."

"ಸೇರ್ಲಿ. ನನ್ನ ಮನೆ, ನನ್ನ ಬುಟ್ಟಿ."

"ಅಯ್ಯೋ, ಹೆಣ ಇನ್ನೂ ಹೊರಗಡೆ ಮಲಗಿದೆ, ನಿಮ್ಮ ನಾಲಿಗೆ ನೋಡಿ!"

"ನಿಮ್ಮಣ್ಣನ ಹೆಣ ತಾನೆ? ಹೋಗಿ ಅದರ ಪಕ್ಕ ಕೂತ್ಕೋ. ಗಿಡದ ಹತ್ರ ನಿನಗೇನು ಕೆಲಸ?"

ನಾದಿನಿ ಮೂಗೊರೆಸಿಕೊಳ್ಳುತ್ತ ಇಳಿದು ಹೋದಳು. ಗಿಡ ಕೊಕ್ಕೆಯಲ್ಲಿ ಓಲಾಡುತ್ತ ಉಳಿಯಿತು. ಎಲೆಯ ತುದಿಯಿಂದ ಇಳಿದ ಬಳ್ಳಿಗೊಂದರಂತೆ ಒಂಬತ್ತು ಹೂಜಿಗಳು, ಪ್ರತಿಯೊಂದಕ್ಕೂ ಪುಟ್ಟ ಮುಚ್ಚಳ. ಒಳಗೆ ಅಂಟುನೀರು, ಅದರಲ್ಲಿ ಸತ್ತ ನೊಣ, ಇರುವೆ.

ಮೂರು ದರ್ಜಿ ಅಂಗಡಿಗಳ ಅಂಗಿಗಳಿಗೆ ಮನೆಯಲ್ಲೇ ಕೂತು ಕಾಜಾ ಹಾಕಿಕೊಡುವವಳಾದ್ದರಿಂದ ಬೀದಿಗೆಲ್ಲ ಅವಳು ಕಾಜಾ ಅಕ್ಕ. ಗಂಡ ಮೂವತ್ತು ವರ್ಷ ವಾಹನದ ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ದುಡಿದವನು. ನಿನ್ನೆ ಮಧ್ಯಾಹ್ನ ಬ್ಯಾಟರಿ ಎತ್ತಲು ಬಗ್ಗಿದವನು ಮತ್ತೆ ಏಳಲಿಲ್ಲ. ಹನ್ನೊಂದು ಗಂಟೆಗೆ ಗಾಡಿ ಬರುತ್ತದೆ.

ಹೊರಗೆ ಬಾಡಿಗೆ ಕುರ್ಚಿಗಳಲ್ಲಿ ಕೂತವರ ಮಾತು ಒಳಗೆ ಕೇಳುತ್ತಿತ್ತು.

"ದೇವರಂಥ ಮನುಷ್ಯ ಕಣ್ರೀ. ಒಂದು ದಿನ ಗಟ್ಟಿಯಾಗಿ ಮಾತಾಡಿದ್ದು ಕೇಳಿಲ್ಲ."

ಗಟ್ಟಿಯಾಗಿ ಏನು ಬಂತು, ಮೆತ್ತಗೂ ಆಡಿರಲಿಲ್ಲ. ಹನ್ನೊಂದು ವರ್ಷ! ಅವನು ಅವಳ ಜೊತೆ ಆಡಲಿಲ್ಲ, ಅವಳು ಅವನ ಜೊತೆ ಆಡಲಿಲ್ಲ. ಅಷ್ಟೂ ವರ್ಷ ಅವಳು ಕಾದದ್ದು ಈ ಒಂದು ದಿನಕ್ಕೆ. ಅವನು ಸತ್ತರೆ ಮುಖ ನೋಡುವುದಿಲ್ಲ ಎಂದು ಅವಳು ಆಣೆ ಹಾಕಿಕೊಂಡಿದ್ದಳು. ನಿನ್ನೆ ಸಂಜೆ ದೇಹ ತಂದಾಗಿನಿಂದ ಬಾಗಿಲು ದಾಟಿ ಆ ಕಡೆ ಕಾಲಿಟ್ಟಿರಲಿಲ್ಲ. ಇನ್ನು ಒಂದು ಗಂಟೆ ತಡೆದರೆ ಅವಳು ಗೆದ್ದ ಹಾಗೆ.

*

ಅವಳ ಅಮ್ಮ ತೀರಿಕೊಂಡ ದಿನ ಅಂಗಡಿಯ ಫೋನಿಗೆ ಸುದ್ದಿ ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ಅವನು ಮಧ್ಯಾಹ್ನ ಮನೆಗೆ ಬಂದ, ಕೈಕಾಲು ತೊಳೆದ, ಅವಳ ಎದುರು ಕೂತು ಉಂಡ. ಅವಳು ಮಜ್ಜಿಗೆ ಅನ್ನ ಮುಗಿಸಿ ಕೈ ತೊಳೆದು ಬಂದ ಮೇಲೆ ಹೇಳಿದ. ಬಸ್ಸು ಹಿಡಿದು ತವರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಜನ ಕುರ್ಚಿ ಮಡಚುತ್ತಿದ್ದರು.

"ಊಟ ಆಗ್ಲಿ ಅಂತ ಸುಮ್ನಿದ್ದೆ" ಅಂದ. ಒಂದೇ ಸಲ ಅಂದ. ತಪ್ಪಾಯಿತು ಅನ್ನಲಿಲ್ಲ. ಅವಳು ಅವತ್ತು ಬಾಯಿ ಮುಚ್ಚಿದಳು. ಅವನೂ ಮುಚ್ಚಿದ. ಅವಳು ಮೊಂಡಿಯಾದರೆ ಅವನು ಮೊಂಡರಿಗೆ ಪಾಠ ಹೇಳುವಂಥವನು.

ಮರುವರ್ಷ ಈ ಗಿಡವನ್ನು ಹೊತ್ತು ತಂದ. ಗಿಡ ಸಾಕಿ ಗೊತ್ತಿರಲಿಲ್ಲ, ದಡ್ಡ ಶಿಖಾಮಣಿ! ಉರಿಬಿಸಿಲಲ್ಲಿಟ್ಟು ಎಲೆ ಸುಟ್ಟ. ಬೇಗ ಬೆಳೆಯಲಿ ಎಂದು ಬುಟ್ಟಿಗಟ್ಟಲೆ ಗೊಬ್ಬರ ಸುರಿದ. ಬಲವಂತವಾಗಿ ನೊಣ ತುರುಕಿದ. ಇದ್ದ ಹೂಜಿಗಳೂ ಕಪ್ಪಾಗಿ ಒಣಗಿದಾಗ ನರ್ಸರಿಯವಳನ್ನು ಕೇಳಿ ಬಂದು, ಅವಳು ಹೇಳಿದ್ದನ್ನೆಲ್ಲ ಗಿಡದ ಮುಂದೆ ನಿಂತು ಒಪ್ಪಿಸಿದ.

"ಗೊಬ್ಬರ ಹಾಕಲ್ಲಮ್ಮ, ಇನ್ಮೇಲೆ ಹಾಕಲ್ಲ. ನಲ್ಲಿ ನೀರೂ ಬೇಡವಂತೆ, ಅದರಲ್ಲಿ ಉಪ್ಪಿರುತ್ತಂತೆ, ಬೇರು ಸುಟ್ಟುಹೋಗುತ್ತಂತೆ. ಬ್ಯಾಟರಿಗೆ ಹಾಕ್ತೀವಲ್ಲ, ಆ ಶುದ್ಧ ನೀರು ತರ್ತೀನಿ ನಿನಗೆ."

ಕಾಜಾ ಹಾಕುತ್ತಿದ್ದವಳ ಸೂಜಿ ನಿಂತಿತು. ಅವಳ ಜೊತೆ ಆಡದ ಮಾತೆಲ್ಲ ಆ ಹುಳ ತಿನ್ನೋ ಗಿಡಕ್ಕೆ! ಅಷ್ಟೇ ಆಗಿದ್ದರೆ ಸಹಿಸುತ್ತಿದ್ದಳೇನೋ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೂಜಿಯೊಳಗೆ ಇಣುಕಿ ಕೇಳುತ್ತಿದ್ದ: "ಏನಮ್ಮ, ಊಟ ಆಯ್ತಾ?"

ಊಟ! ಆ ಮಾತನ್ನು ಅವಳ ಎದುರಿಗೇ ಆಡುವಷ್ಟು ಕೊಬ್ಬು!

ಒಂದು ಶುಕ್ರವಾರ ಅವನು ಬಾಗಿಲು ದಾಟಿದ್ದೇ, ಒಂದು ಲೋಟ ನಲ್ಲಿ ನೀರಿಗೆ ಒಂದು ಚಮಚ ಉಪ್ಪು ಕದಡಿ ಬುಡಕ್ಕೆ ಹೊಯ್ದಳು. ಮುಂದಿನ ಶುಕ್ರವಾರವೂ ಹೊಯ್ದಳು. ಹತ್ತು ವರ್ಷ, ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಗಿಡ ಸಾಯಲೊಲ್ಲದು. ಅವನೋ, ಶುಕ್ರವಾರ ಸಂಜೆ ಬಂದವನೇ ಅದನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಅರ್ಧ ಗಂಟೆ ಚಿಲಕ ಹಾಕಿಕೊಳ್ಳುತ್ತಿದ್ದ. ಗಿಡಕ್ಕೆ ಸ್ನಾನದ ಸಂಭ್ರಮ ಬೇರೆ ಎಂದು ಅವಳು ಪಾತ್ರೆಗಳನ್ನು ಕುಕ್ಕುತ್ತಿದ್ದಳು.

*

ಹಿಂಬಾಗಿಲಲ್ಲಿ ಯಾರೋ ಕೆಮ್ಮಿದರು. ಅಂಗಡಿಯಲ್ಲಿ ಗಂಡನ ಜೊತೆಗೆ ದುಡಿಯುತ್ತಿದ್ದ ಕುಳ್ಳ. ಅತ್ತೂ ಅತ್ತೂ ಮುಖ ಊದಿತ್ತು. ಕೈಯಲ್ಲಿ ಬಾಟಲಿಗಳ ಚೀಲ.

"ಅಕ್ಕ, ಈ ವಾರದ ನೀರು."

"ಗಿಡ ಸಾಕೋನೇ ಹೋದ ಮೇಲೆ ನೀರು ತಂದ್ಯಾ? ಏನ್ ಬುದ್ಧಿನಪ್ಪ ನಿಂದು!"

"ತಲೆ ಓಡ್ಲಿಲ್ಲ ಅಕ್ಕ, ಇವತ್ತು ಶುಕ್ರವಾರ ಅಲ್ವಾ. ಶುಕ್ರವಾರ ಅಂದ್ರೆ ಐದು ಬಾಟ್ಲಿ ಎತ್ತಿಡು ಅಂತಿದ್ರು ಅಣ್ಣ. ಮಿಕ್ಕ ದಿನಕ್ಕೆಲ್ಲ ಸೇರಿ ಒಂದೇ ಸಾಕಾಗ್ತಿತ್ತು."

"ಶುಕ್ರವಾರ ಯಾಕೆ ಐದು?"

ಕುಳ್ಳ ನೆಲ ನೋಡಿದ. "ಬೇಡ ಬಿಡಿ ಅಕ್ಕ."

"ಬೊಗಳು."

"ಉಪ್ಪು ತೊಳೆಯೋಕೆ."

ಅವಳು ಒಲೆಯ ಕಟ್ಟೆಯ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಹಿಂದಕ್ಕೆ ಸರಿಸಿದಳು.

"ಮೊದಲನೇ ವಾರವೇ ಗೊತ್ತಾಯ್ತಂತೆ. ಮಣ್ಣು ಬೆಳ್ಳಗಾಗಿತ್ತಂತೆ, ಬೆರಳಲ್ಲಿ ಮುಟ್ಟಿ ನೆಕ್ಕಿ ನೋಡಿದ್ರಂತೆ. ಅವತ್ತಿಂದ ಪ್ರತಿ ಶುಕ್ರವಾರ ಐದು ಬಾಟ್ಲಿ ಸುರಿದು ಬೇರು ತೊಳೀತಿದ್ರು. ಎರಡು ಸಲ ಸತ್ತೂ ಹೋಯ್ತು ಗಿಡ. ನಿಮಗೆ ಗೊತ್ತಾಗಬಾರದು ಅಂತ ಅಷ್ಟೇ ಉದ್ದದ್ದು, ಅಷ್ಟೇ ಹೂಜಿ ಇರೋದು ಬೇಕು ಅಂತ ಹಟ. ಇಬ್ರೂ ನರ್ಸರಿ ನರ್ಸರಿ ಅಲೆದ್ವಿ."

"ಅಂಗಡೀಲೇ ಇಟ್ಕೊಂಡು ಸಾಯಬಹುದಿತ್ತಲ್ಲ ಅದನ್ನ!"

"ನಾನೂ ಅದನ್ನೇ ಹೇಳ್ದೆ ಅಕ್ಕ. 'ಬೇಡ ಕಣೋ. ವಾರಕ್ಕೊಂದು ಸಲ ನನಗೆ ಅಂತ ಅವಳು ಏನೋ ಒಂದು ಮಾಡ್ತಾಳೆ. ಅದನ್ನೂ ಯಾಕೆ ತಪ್ಪಿಸ್ಲಿ' ಅಂದ್ರು."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

"ನಮ್ಮಮ್ಮನ ವಿಷಯ ಏನಾದ್ರೂ ಅಂದನಾ?" ಅವಳ ದನಿ ಒರಟಾಗಿತ್ತು. "ತಪ್ಪಾಯ್ತು ಅಂತ?"

"ಇಲ್ಲ ಅಕ್ಕ. ಸುಳ್ಳು ಯಾಕೆ ಹೇಳ್ಲಿ."

"ಅನ್ನಲ್ಲ. ಪ್ರಾಣ ಹೋದ್ರೂ ಅನ್ನಲ್ಲ. ಹೋಯ್ತಲ್ಲ ಈಗ, ಅಂದನಾ?"

ನಾದಿನಿ ಹಜಾರದಿಂದ ಎಲ್ಲರಿಗೂ ಕೇಳುವಂತೆ ಕೂಗಿದಳು: "ಅತ್ತಿಗೆ, ಮುಖ ಮುಚ್ತಾ ಇದ್ದಾರೆ. ಬರ್ತೀರೋ, ಅಲ್ಲೇ ಅಡಗಿರ್ತೀರೋ?"

ಇನ್ನೆರಡು ನಿಮಿಷ ತಡೆದಿದ್ದರೆ ಆಗಿಹೋಗುತ್ತಿತ್ತು. ತಡೆಯಲಾಗಲಿಲ್ಲ, ಸಿಟ್ಟು ನೆತ್ತಿಗೇರಿತ್ತು. ಕುರ್ಚಿಗಳನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗಿ ತಲೆಯ ಹತ್ತಿರ ನಿಂತಳು. ನೋಡಿದಳು. ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ? ಬಾಯಿ ಮಾತ್ರ ಹಾಗೇ ಬಿಗಿದುಕೊಂಡಿತ್ತು. ಮಣ್ಣಿನ ಉಪ್ಪು ನೆಕ್ಕಿ ಸುಮ್ಮನಿದ್ದ ಬಾಯಿ.

"ಗೊತ್ತಿತ್ತಲ್ಲ ನಿಂಗೆ" ಅಂದಳು. ಹನ್ನೊಂದು ವರ್ಷದಲ್ಲಿ ಅವನಿಗೆ ಆಡಿದ ಮೊದಲ ಮಾತು. "ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಅವತ್ತೂ ಬಿಡ್ಲಿಲ್ಲ. ಯಾಕೆ ಉಪ್ಪು ಹಾಕ್ತೀಯ ಅಂತ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಕೇಳಿದ್ರೆ ಹೇಳ್ತಿರಲಿಲ್ವಾ ನಾನು? ಹಾಳಾಗಿ ಹೋಗು."

"ಶಿವನೇ! ಹೆಣಕ್ಕೂ ಬಿಡಲ್ವಲ್ಲ ಈ ಹೆಂಗಸು" ಅಂದಿತು ಯಾವುದೋ ಬಾಯಿ. ಬಟ್ಟೆ ಎಳೆದರು. ಎತ್ತಿದರು. ಗಾಡಿ ಹೋಯಿತು, ಅದರ ಹಿಂದೆ ನಾದಿನಿ, ಕುಳ್ಳ, ಬೀದಿಯ ಗಂಡಸರು.

*

ಮಧ್ಯಾಹ್ನ ಮನೆಯಲ್ಲಿ ಅವಳೊಬ್ಬಳೇ. ಪಕ್ಕದ ಮನೆಯಾಕೆ ಮುಚ್ಚಿಟ್ಟು ಹೋದ ಅನ್ನ ಹಾಗೇ ಆರಿತ್ತು.

ಅವಳು ನಲ್ಲಿ ತಿರುಗಿಸಿ ಒಂದು ಲೋಟ ನೀರು ಹಿಡಿದಳು. ಉಪ್ಪಿನ ಡಬ್ಬಿ ತೆಗೆದು ಒಂದು ಚಮಚ ಹಾಕಿ ಕದಡಿದಳು. ಸ್ಟೂಲು ಎಳೆದುಕೊಂಡು ಹತ್ತಿ, ಎಂದಿನಂತೆ ಗಿಡದ ಬುಡಕ್ಕೆ ಸುತ್ತಲೂ ಹೊಯ್ದಳು. ಇಳಿದು ಬಾಗಿಲ ಕಡೆ ನೋಡುತ್ತ ಕೂತಳು. ಗೋಡೆಯ ಗಡಿಯಾರ ಆರು ದಾಟಿತು. ಅವನು ಬರುವ ಹೊತ್ತು.

ಆರೂಕಾಲಕ್ಕೆ ಎದ್ದಳು. ಗಿಡವನ್ನು ಕೊಕ್ಕೆಯಿಂದ ಬಿಡಿಸಿ ಬಚ್ಚಲಿಗೆ ಒಯ್ದು ಬೋಗುಣಿಯ ಮೇಲೆ ಹಿಡಿದಳು. ಕುಳ್ಳ ತಂದ ಬಾಟಲಿಗಳಲ್ಲಿ ಒಂದನ್ನು ಬಿಚ್ಚಿ ಮೆಲ್ಲಗೆ ಸುರಿದಳು, ಆಮೇಲೆ ಎರಡನೆಯದನ್ನು. ಕುಂಡದ ತೂತುಗಳಿಂದ ನೀರು ಇಳಿಯಿತು. ಬೀಳುತ್ತಿದ್ದ ನೀರಿಗೆ ಬೆರಳು ಒಡ್ಡಿ ನಾಲಿಗೆಗೆ ಮುಟ್ಟಿಸಿಕೊಂಡಳು.

ಇನ್ನೂ ಉಪ್ಪಿತ್ತು. ಮೂರನೆಯ ಬಾಟಲಿಯ ಮುಚ್ಚಳ ತಿರುವಿದಳು.