ಅರ್ಧ ಇಂಚು ಜಾಸ್ತಿ

ಕಾಲೇಜಿನ ಮೊದಲ ದಿನ ಗೇಟಿನ ಕಾವಲುಗಾರ ಅವಳನ್ನು ಯಾರದೋ ತಾಯಿ ಎಂದುಕೊಂಡು ಪೋಷಕರ ಬೆಂಚಿನ ಮೇಲೆ ಕೂರಿಸಿಬಿಟ್ಟಿದ್ದ. ತಾಯಿಯೇನೋ ಹೌದು. ಆದರೆ ಮಗಳು ಓದುತ್ತಿದ್ದದ್ದು ಬೇರೆ ಊರಿನಲ್ಲಿ. ಇಲ್ಲಿ ವಿನ್ಯಾಸ ಕಲಿಯಲು ಬಂದವಳು ಇವಳೇ, ಹದಿನೆಂಟು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದು, ನಲವತ್ತಮೂರಕ್ಕೆ ಕಾಲಿಟ್ಟ ಮೇಲೆ. ತರಗತಿಯವರು ಒಂದು ವಾರ 'ಆಂಟಿ' ಎಂದರು. ಅವಳು ದುರುಗುಟ್ಟಿ ನೋಡಿದ ಮೇಲೆ 'ಅಕ್ಕ' ಎಂದರು.

ಅದು ಸುಮ್ಮಸುಮ್ಮನೆ ಪಾಸು ಮಾಡುವ ಕಾಲೇಜಲ್ಲ. ಪ್ರತಿ ವರ್ಷ ಹತ್ತು ಹನ್ನೆರಡು ಜನ ಮೊದಲ ವರ್ಷಕ್ಕೇ ಗಂಟುಮೂಟೆ ಕಟ್ಟುತ್ತಿದ್ದರು. ಅವರನ್ನು ಕಳಿಸಿಕೊಡುತ್ತಿದ್ದವರು 'ಯಾಕೆ ಮೇಷ್ಟ್ರು'. ಏನು ಮಾಡಿ ತೋರಿಸಿದರೂ ಅವರದು ಒಂದೇ ಪ್ರಶ್ನೆ. ಈ ಗೆರೆ ಇಲ್ಲೇ ಯಾಕೆ? ನೀಲಿನೇ ಯಾಕೆ? ಬಾಯಿ ಚುರುಕಾದವರು ಏನೋ ಒಂದು ಬುರುಡೆ ಬಿಟ್ಟು ಪಾರಾಗುತ್ತಿದ್ದರು. ಅಂಗಡಿಯಲ್ಲಿ ಟೇಪು ಹಿಡಿದು ನಿಂತರೆ ಹತ್ತು ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದ ಅಕ್ಕ ಮಾತ್ರ ಆ ಒಂದು ಪದಕ್ಕೆ ಕಲ್ಲಾಗುತ್ತಿದ್ದಳು. ಅವಳ ಕೈಗೆ ಎಲ್ಲವೂ ಗೊತ್ತಿತ್ತು. ಯಾಕೆ ಹಾಗೆ ಎಂದು ಆ ಕೈಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ವರ್ಷದ ಕೊನೆಯ ಪರೀಕ್ಷೆ, ರಟ್ಟಿನ ಕುರ್ಚಿ. ಅಂಟು ಕೂಡದು, ಮೊಳೆ ಕೂಡದು, ದಾರವೂ ಕೂಡದು. ತುಂಡುಗಳು ಒಂದರೊಳಗೊಂದು ಸಿಕ್ಕಿಕೊಂಡು ನಿಲ್ಲಬೇಕು. ಅದರ ಮೇಲೆ ಮೇಷ್ಟ್ರು ಐದು ನಿಮಿಷ ಕೂರುತ್ತಾರೆ. ಕುರ್ಚಿ ಕುಸಿದರೆ ವರ್ಷವೂ ಕುಸಿದಂತೆ.

"ದಾರ ಇಲ್ದೆ ನಿನ್ ಕೈ ಓಡತ್ತಾ ಅಮ್ಮಾ?" ಎಂದು ಮಗಳು ಫೋನಿನಲ್ಲಿ ನಕ್ಕಿದ್ದಳು.

"ನಿನ್ ಓದು ನೀನು ನೋಡ್ಕೊ ಹೋಗೇ."

ಪರೀಕ್ಷೆಯ ಬೆಳಿಗ್ಗೆ ತುಂಡುಗಳನ್ನು ಜೋಡಿಸಲು ಹೋದರೆ, ಕೂರುವ ಹಲಗೆ ಎರಡು ಪಕ್ಕೆಗಳ ನಡುವೆ ಇಳಿಯಲೇ ಇಲ್ಲ. ಪಕ್ಕದ ಮೇಜಿನ ಹುಡುಗಿ, ಮುಖಕ್ಕಿಂತ ದೊಡ್ಡ ಕನ್ನಡಕದಿಂದಾಗಿ ಎಲ್ಲರ ಬಾಯಲ್ಲಿ 'ಚಷ್ಮಾ' ಆದವಳು, ಸ್ಕೇಲು ಇಟ್ಟು ನೋಡಿದಳು.

"ಅಕ್ಕಾ, ಆ ಕಡೆ ಅರ್ಧ ಇಂಚು, ಈ ಕಡೆ ಅರ್ಧ ಇಂಚು ಜಾಸ್ತಿ ಇದೆ."

ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ಹೊಲಿಗೆಗೆ ಬಿಟ್ಟಿದೀನಿ ಕಣೇ!"

"ದಾರಾನೇ ಇಲ್ಲ, ಹೊಲಿಗೆ ಎಲ್ಲಿಂದ ಬಂತು?" ಚಷ್ಮಾ ನಕ್ಕು, ಅಕ್ಕನ ಮುಖ ನೋಡಿ ನಗು ನುಂಗಿದಳು. "ಕತ್ತರಿಸಿ ಬಿಸಾಕಿ ಅಕ್ಕಾ. ಇನ್ನೂ ಅರ್ಧ ಗಂಟೆ ಇದೆ."

ಅಕ್ಕ ಬ್ಲೇಡು ಎತ್ತಿದಳು. ಕೈ ಮುಂದೆ ಹೋಗಲಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಅಂಚನ್ನು ಕತ್ತರಿಸಿ ಎಸೆದ ಕೈಯಲ್ಲ ಅದು. ಬ್ಲೇಡನ್ನು ತಿರುಗಿಸಿ, ಅದರ ಬೆನ್ನಿನಿಂದ ಗೆರೆ ಒತ್ತಿ, ಲಂಗದ ಅಂಚು ಮಡಚುವ ಹಾಗೆ ಎರಡು ಕಡೆಯೂ ಕೆಳಕ್ಕೆ ಮಡಚಿದಳು. ಹಲಗೆ ಪಕ್ಕೆಗಳ ನಡುವೆ ಇಳಿದು ಅಡ್ಡಪಟ್ಟಿಯ ಮೇಲೆ ಕೂತಿತು. ಅಂಗೈಯಿಂದ ಒತ್ತಿದಳು. ನಿನ್ನೆ ಬಾಗುತ್ತಿದ್ದ ರಟ್ಟು ಇವತ್ತು ಜಪ್ಪಯ್ಯ ಅನ್ನಲಿಲ್ಲ.

ಮೇಷ್ಟ್ರು ಬಂದವರೇ ಅವಳ ನಕ್ಷೆಯನ್ನೂ ಕುರ್ಚಿಯನ್ನೂ ಹೋಲಿಸಿ ನೋಡಿದರು.

"ನಕ್ಷೇಲಿ ಈ ಮಡಿಕೆ ಇಲ್ಲ. ಇಲ್ಲಿದೆ. ಯಾಕೆ?"

ಅವರ ಬೆನ್ನ ಹಿಂದೆ ಚಷ್ಮಾ ಮುಷ್ಟಿ ಬಿಗಿದು ತೋರಿಸಿದಳು: ಗಟ್ಟಿಯಾಗ್ಲಿ ಅಂತ ಮಡಚ್ದೆ ಅನ್ನಿ!

ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಕ್ಕನ ಬಾಯಿಗೆ ಬಂದದ್ದೇ ಬೇರೆ. "ತಪ್ಪಾಯ್ತು ಸರ್. ಅಭ್ಯಾಸಬಲ, ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಬಿಟ್ಟೆ."

"ಅಭ್ಯಾಸ ಯಾಕೆ?"

"ಮಕ್ಕಳು ಬೆಳೀತಾರಲ್ಲ ಸರ್! ಶಾಲೆ ಶುರುವಾದಾಗ ಹೊಲಿದದ್ದು ವರ್ಷದ ಕೊನೇಲಿ ಸಾಲಲ್ಲ. ಒಳಗೆ ಬಟ್ಟೆ ಬಿಟ್ಟಿದ್ರೆ ಬಿಚ್ಚಿ ದೊಡ್ಡದು ಮಾಡ್ಬಹುದು. ಅಮ್ಮಂದಿರು ಅದನ್ನೇ ಮೊದಲು ತಿರುಗಿಸಿ ನೋಡೋದು. ಮತ್ತೆ ಮಡಚಿದ ಅಂಚು ಬೇಗ ಹರಿಯಲ್ಲ. ಅದಕ್ಕೇ ಕತ್ತರಿಸೋಕೆ ಮನಸ್ಸು ಬರ್ಲಿಲ್ಲ, ಮಡಚ್ದೆ."

ಇಡೀ ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಆಡಿ ಮುಗಿಸಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಷ್ಟೆಲ್ಲ ತನ್ನೊಳಗೆ ಎಲ್ಲಿ ಮಡಚಿಕೊಂಡಿತ್ತು?

ಮೇಷ್ಟ್ರು ಜೇಬಿನಿಂದ ಬೀಗದ ಕೈ, ಫೋನು ತೆಗೆದಿಟ್ಟು ಕೂತರು. ರಟ್ಟು ಒಮ್ಮೆ ಕಿರ್ ಎಂದಿತು. ಒಂದು ನಿಮಿಷ. ಎರಡು. ಮೇಷ್ಟ್ರು ಆರಾಮಾಗಿ ಕಾಲ ಮೇಲೆ ಕಾಲು ಹಾಕಿದರು.

"ಅಲ್ಲಮ್ಮಾ, ಕುರ್ಚಿ ಬೆಳೆಯುತ್ತಾ?"

"ಕುರ್ಚಿ ಬೆಳೆಯಲ್ಲ ಸರ್. ಕೂರೋರು ಬೆಳೀತಾರಲ್ಲ."

ತರಗತಿಯ ಕಣ್ಣೆಲ್ಲ ಮೇಷ್ಟ್ರ ಹೊಟ್ಟೆಯ ಮೇಲೆ ಹೋಯಿತು. ಮೇಷ್ಟ್ರೂ ಅಲ್ಲಿಗೇ ನೋಡಿದರು. ಅವರ ಮೀಸೆ ಒಂಚೂರು ಅಲುಗಿತು. ಐದು ನಿಮಿಷ ಕಳೆದರೂ ಏಳಲಿಲ್ಲ. ಕೂತಲ್ಲೇ ಹಾಳೆ ತೊಡೆಯ ಮೇಲಿಟ್ಟುಕೊಂಡು ಬರೆದರು: 'ಅಳತೆ ತಪ್ಪು, ಅಂಕ ಕಡಿತ. ಎರಡನೇ ವರ್ಷಕ್ಕೆ ಬರಲಿ.'

ಸಂಜೆಯ ಬಸ್ಸು ತುಂಬಿ ತುಳುಕುತ್ತಿತ್ತು. ಅಕ್ಕ ಕುರ್ಚಿಯನ್ನು ತಲೆಯ ಮೇಲೆ ಹಿಡಿದು ಹತ್ತಿದಳು.

"ಅಮ್ಮಾ, ಈ ರಶ್ಶಲ್ಲಿ ಅದನ್ಯಾಕೆ ತಂದ್ರಿ?" ಕಂಡಕ್ಟರು ರೇಗಿದ.

ಅಕ್ಕ ಕುರ್ಚಿಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಕೂತಳು.

"ಕೂರೋಕೆ ಕಣಪ್ಪಾ."